ಮುತ್ತಜ್ಜನ ಜೋಡುನಳಿಗೆ ರೈಫಲ್ ಮಾಡಿದವರು ಯಾರು?

ಪ್ರಶ್ನೆ: ಸರ್, ನಮ್ಮದು ವಿರಾಜಪೇಟೆ ಹತ್ತಿರದ ಊರು. ಐನ್‌ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಜೋಡುನಳಿಗೆ ರೈಫಲ್ ಇದೆ. ಕಾಗದಪತ್ರ ಎಲ್ಲ ಸರಿ ಇದೆ. ಹೊರಗೆ ಎರಡು ಹ್ಯಾಮರ್, ಟ್ರಿಗರ್ ಗಾರ್ಡ್ ಕೆಳಗೆ ಪಕ್ಕಕ್ಕೆ ತಿರುಗಿಸುವ ಉದ್ದನೆ ಲಿವರ್. ನಳಿಗೆ ಮೇಲೆಲ್ಲ ಅಲೆ ಅಲೆಯಾದ ಗೆರೆಗಳು. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ 'ಆರ್ಮಿ ಅಂಡ್ ನೇವಿ ಸಿ.ಎಸ್.ಎಲ್., ಲಂಡನ್' ಅಂತ ಕೆತ್ತಿದ್ದಾರೆ. ಇದು .450 ಎಕ್ಸ್‌ಪ್ರೆಸ್, ಅಂದರೆ ಹೆಚ್ಚು ಮದ್ದಿನಿಂದ ಗುಂಡನ್ನು ವೇಗವಾಗಿ ಹಾರಿಸುವ ಬೇಟೆ ರೈಫಲ್, ಅಂತ ಅಜ್ಜ ಹೇಳುತ್ತಿದ್ದರು. ನಳಿಗೆ ಬಿಚ್ಚಿದರೆ ಅಡಿಯಲ್ಲಿ ಎರಡು ಕಡೆ '52' ಅಂತ ಇದೆ. ಒಬ್ಬರು ಇದು 1852ರದ್ದು, ಬ್ರಿಟಿಷ್ ಸೈನ್ಯದ್ದು ಅಂತಾರೆ. ಇನ್ನೊಬ್ಬರು ಹಾಲಂಡ್ ಅಂಡ್ ಹಾಲಂಡ್ ಮಾಡಿಕೊಟ್ಟಿದ್ದು, ಲಕ್ಷಗಟ್ಟಲೆ ಬೆಲೆ ಅಂತಾರೆ. ಯಾವುದು ನಿಜ? ಫೋಟೊ ಕಳಿಸಿದ್ದೇನೆ.

ಉತ್ತರ: ಫೋಟೊಗಳನ್ನು ದೊಡ್ಡದು ಮಾಡಿ ಎರಡು ಸಂಜೆ ಕೂತು ನೋಡಿದೆ. ಅಡಿಭಾಗದ ಫೋಟೊ ಕಳಿಸಿದ್ದಕ್ಕೆ ತುಂಬ ಥ್ಯಾಂಕ್ಸ್. ಹೆಚ್ಚಿನವರು ಮೇಲಿನ ಹೆಸರಿನ ಫೋಟೊ ಮಾತ್ರ ಕಳಿಸಿ ಸುಮ್ಮನಾಗುತ್ತಾರೆ.

ಮೊದಲು ಆ 52ರ ವಿಷಯ ಮುಗಿಸೋಣ. ಅದು ಇಸವಿ ಅಲ್ಲ. ಹಳೇ ಇಂಗ್ಲಿಷ್ ಪದ್ಧತಿಯಲ್ಲಿ ನಳಿಗೆಯ ಒಳ ಅಗಲವನ್ನು ಸೀಸದ ಗುಂಡಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಆ ನಳಿಗೆಯಲ್ಲಿ ಸರಿಯಾಗಿ ಕೂರುವ ದುಂಡನೆ ಗುಂಡುಗಳನ್ನು ಒಂದು ಪೌಂಡ್ ಸೀಸದಿಂದ ಎಷ್ಟು ಮಾಡಬಹುದೋ ಅದೇ ಆ ನಳಿಗೆಯ ನಂಬರ್. ನಿಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವ ಟ್ವೆಲ್ವ್ ಬೋರ್ ಅಂದರೆ ಪೌಂಡಿಗೆ 12 ಗುಂಡು ಅಂತ ಅರ್ಥ. 52 ಅಂದರೆ ಪೌಂಡಿಗೆ 52. ಲೆಕ್ಕ ಹಾಕಿದರೆ ಸುಮಾರು .447 ಇಂಚು ಬರುತ್ತದೆ. .450 ರೈಫಲ್ ನಳಿಗೆಯ ಒಳ ಅಳತೆ ಅದೇ. ನಿಮ್ಮ ಅಜ್ಜ ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೆ ಸಾಕ್ಷಿ ನಳಿಗೆ ಅಡಿಯಲ್ಲೇ ಇದೆ. ಇದೇ ತರಹ .500 ರೈಫಲ್‌ನಲ್ಲಿ 37 ಅಥವಾ 38, .577ರಲ್ಲಿ 24 ಅಥವಾ 25 ಅಂತ ಕಾಣುತ್ತದೆ. ಇವನ್ನೆಲ್ಲ ಇಸವಿ ಅಂತ ಓದಿದವರನ್ನು ನಾನು ತುಂಬ ನೋಡಿದ್ದೇನೆ.

ಅದನ್ನು ಬಿಟ್ಟರೂ 1852 ಸಾಧ್ಯವೇ ಇಲ್ಲ. ನಿಮ್ಮ ರೈಫಲ್‌ನ ಕೆಳಗಿನ ಲಿವರ್ ಇದೆಯಲ್ಲ, ಅದು ಬರ್ಮಿಂಗ್‌ಹ್ಯಾಮ್‌ನ ಹೆನ್ರಿ ಜೋನ್ಸ್ ಎಂಬವರು 1859ರಲ್ಲಿ ಪೇಟೆಂಟ್ ಪಡೆದ ವಿಧಾನ. ಲಿವರ್ ತಿರುಗಿಸಿದರೆ ಒಳಗೆ ಸ್ಕ್ರೂ ತರಹದ ಹಿಡಿತ ನಳಿಗೆಯನ್ನು ಕೆಳಕ್ಕೆ ಎಳೆದು ಬಿಗಿ ಮಾಡುತ್ತದೆ. ಅದಕ್ಕಿಂತ ವೇಗವಾಗಿ ತೆರೆಯುವ ವ್ಯವಸ್ಥೆಗಳು ಆಮೇಲೆ ಬಂದವು. 1863ರ ಪರ್ಡಿ ಬೋಲ್ಟ್, 1865ರ ಸ್ಕಾಟ್ ಮೇಲ್ಲಿವರ್ ಎರಡೂ ಸೇರಿ ಚರೆ ಕೋವಿಗಳಲ್ಲಿ ಮನೆಮಾತಾದವು. ಆದರೆ ಭಾರೀ ರೈಫಲ್ ಮಾಡುವವರು ಜೋನ್ಸ್ ಲಿವರನ್ನು 1890ರ ದಶಕದವರೆಗೂ ಬಿಡಲಿಲ್ಲ. ಕಾರಣ ಅದರ ಗಟ್ಟಿತನ. ಹಾಗಾಗಿ ಲಿವರ್ ಹಳೇದು ಅಂತ ರೈಫಲ್ಲೂ ಅಷ್ಟೇ ಹಳೇದು ಅಂದುಕೊಳ್ಳಬಾರದು.

ಇನ್ನು 'ಬ್ರಿಟಿಷ್ ಸೈನ್ಯದ್ದು' ಎಂಬ ಮಾತು. ಆರ್ಮಿ ಅಂಡ್ ನೇವಿ ಅನ್ನೋದು ಸೈನ್ಯ ಅಲ್ಲ, ಅಂಗಡಿ. ನಿಮ್ಮ ಕೊಡಗಿನಲ್ಲಿ ಮಿಲಿಟರಿ ಕ್ಯಾಂಟೀನ್ ಗೊತ್ತಿಲ್ಲದ ಮನೆ ಇಲ್ಲ ಅಲ್ವಾ? ಇದೂ ಹೆಚ್ಚುಕಮ್ಮಿ ಹಾಗೇ ಶುರುವಾಯಿತು. 1871ರಲ್ಲಿ ಕೆಲವು ಬ್ರಿಟಿಷ್ ಸೇನಾಧಿಕಾರಿಗಳು, ನೌಕಾಧಿಕಾರಿಗಳು ಸೇರಿ ವೈನನ್ನು ಸಗಟಿನಲ್ಲಿ ಅಗ್ಗಕ್ಕೆ ತರಿಸಿಕೊಳ್ಳೋಣ ಅಂತ ಲಂಡನ್ನಿನಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಅಂಗಡಿ ವೆಸ್ಟ್‌ಮಿನ್‌ಸ್ಟರ್‌ನ ವಿಕ್ಟೋರಿಯಾ ಸ್ಟ್ರೀಟಿನಲ್ಲಿತ್ತು. ಸಿ.ಎಸ್.ಎಲ್. ಅಂದರೆ ಕೋ-ಆಪರೇಟಿವ್ ಸೊಸೈಟಿ ಲಿಮಿಟೆಡ್. ಬೆಳೀತಾ ಬೆಳೀತಾ ಅದು ಟೆಂಟ್, ಮಂಚ, ಚಹಾ ಪಾತ್ರೆ, ಕೋವಿ ಎಲ್ಲ ಮಾರುವ ದೊಡ್ಡ ಮಳಿಗೆ ಆಯಿತು. ಮುಂಬೈ, ಕಲ್ಕತ್ತಾಗಳಲ್ಲೂ ಮಳಿಗೆ ತೆರೆಯಿತು. 1934ರಲ್ಲಿ ಹೆಸರು ಆರ್ಮಿ ಅಂಡ್ ನೇವಿ ಸ್ಟೋರ್ಸ್ ಅಂತ ಬದಲಾಯಿತು. ಅಂದರೆ ಸಿ.ಎಸ್.ಎಲ್. ಎಂಬ ಮೂರು ಅಕ್ಷರಗಳೇ ನಿಮಗೆ ಒಂದು ಕಾಲದ ಗಡಿ ಕೊಡುತ್ತವೆ: 1871ಕ್ಕಿಂತ ಹಿಂದೆ ಇಲ್ಲ, 1934ರಿಂದ ಈಚೆಗೂ ಇಲ್ಲ. ನಿಜವಾದ ಸೈನ್ಯದ ಕೋವಿ ಆಗಿದ್ದರೆ ಲೋಹದ ಮೇಲೋ ಮರದ ಮೇಲೋ ಬ್ರಿಟಿಷ್ ಸರ್ಕಾರದ ಅಗಲ ಬಾಣದ ಗುರುತು ಇರಬೇಕಿತ್ತು. ನಿಮ್ಮ ಫೋಟೊಗಳಲ್ಲಿ ಅದು ಎಲ್ಲೂ ಇಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅಂಗಡಿ ಮಾರಿತು, ಸರಿ. ಮಾಡಿದ್ದು ಯಾರು?

ಹಳೇ ಬ್ರಿಟಿಷ್ ಕೋವಿಗಳ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವುದು ಒಂದೇ. ಪಟ್ಟಿಯ ಮೇಲೆ ಚಂದವಾಗಿ ಕೆತ್ತಿದ ಹೆಸರು ಗಿರಾಕಿ ಓದಲಿ ಅಂತ ಇರುವುದು. ಕೆಲಸಗಾರರು ತಮ್ಮ ತಮ್ಮಲ್ಲಿ ಗುರುತಿಗೆ ಹಾಕಿಕೊಂಡದ್ದೆಲ್ಲ ಅಡಿಯಲ್ಲಿ, ಒಳಗೆ, ಮರ ಮುಚ್ಚುವ ಜಾಗದಲ್ಲಿ ಇರುತ್ತದೆ. ಓದುವುದನ್ನು ಅಲ್ಲಿಂದ ಶುರು ಮಾಡಬೇಕು.

ನಾನೇ ಒಮ್ಮೆ ಇದರಲ್ಲಿ ಎಡವಿದ್ದೇನೆ. ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಕಾಫಿ ತೋಟದ ಮನೆಯವರು ರೈಫಲ್ ತೋರಿಸಿದರು. ಪಟ್ಟಿಯ ಮೇಲೆ ಲಂಡನ್ನಿನ ಒಳ್ಳೇ ಬೀದಿಯ ವಿಳಾಸ ಇತ್ತು. 'ಅಪ್ಪಟ ಲಂಡನ್ ಕೆಲಸ' ಅಂತ ಬರೆದುಕೊಟ್ಟೆ. ಎರಡು ವರ್ಷ ಆದಮೇಲೆ ಅದೇ ರೈಫಲ್ ಮತ್ತೆ ನೋಡುವ ಅವಕಾಶ ಬಂತು. ಆ ಸಲ ನಳಿಗೆ ಬಿಚ್ಚಿ ನೋಡಿದೆ. ಅಡಿಯಲ್ಲಿ ಇದ್ದದ್ದು ಬರ್ಮಿಂಗ್‌ಹ್ಯಾಮ್ ಮುದ್ರೆ. ಆ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡು ಹೊಸ ಪತ್ರ ಬರೆದುಕೊಟ್ಟೆ. ಅವತ್ತಿನಿಂದ ಅಡಿಭಾಗ ನೋಡದೆ ಒಂದು ಸಾಲೂ ಬರೆದಿಲ್ಲ.

ಬರ್ಮಿಂಗ್‌ಹ್ಯಾಮ್ ಬಗ್ಗೆ ಸ್ವಲ್ಪ ಹೇಳಲೇಬೇಕು. 19ನೇ ಶತಮಾನದಲ್ಲಿ ಆ ಊರಿನಲ್ಲಿ ಸೇಂಟ್ ಮೇರಿ ಚರ್ಚಿನ ಸುತ್ತ, ಸ್ಟೀಲ್‌ಹೌಸ್ ಲೇನ್, ಪ್ರೈಸ್ ಸ್ಟ್ರೀಟ್, ಲವ್‌ಡೇ ಸ್ಟ್ರೀಟ್ ಕಡೆ ಒಂದು ಇಡೀ ಪೇಟೆಯೇ ಕೋವಿ ಕೆಲಸದ್ದು. ಗನ್ ಕ್ವಾರ್ಟರ್ ಅಂತ ಇವತ್ತಿಗೂ ಕರೆಯುತ್ತಾರೆ. ಅಲ್ಲಿ ಒಬ್ಬನೇ ಕೂತು ಪೂರ್ತಿ ಕೋವಿ ಮಾಡುವ ಪದ್ಧತಿ ಇರಲಿಲ್ಲ. ನಳಿಗೆ ಬೆಸೆಯುವವನು ಒಬ್ಬ. ಆಕ್ಷನ್, ಅಂದರೆ ನಳಿಗೆಯ ಹಿಂಬದಿ ಬಂದು ಕೂರುವ ಲೋಹದ ಭಾಗ, ಅದನ್ನು ಅರ ಹಾಕಿ ಕೂರಿಸುವವನು ಇನ್ನೊಬ್ಬ. ಹ್ಯಾಮರ್ ಬಡಿಯುವ ಹಾಗೆ ಮಾಡುವ ಯಂತ್ರ, ಅಂದರೆ ಲಾಕ್, ಬೇರೆ ಕಡೆಯಿಂದ ಬರುತ್ತಿತ್ತು. ಆಕ್ರೋಟ್ ಮರ ಕೆತ್ತಿ ಹಿಡಿ ಕೂರಿಸುವವನು, ಚಿತ್ತಾರ ಕೊರೆಯುವವನು, ನಳಿಗೆಗೆ ಕಂದು ಬಣ್ಣ ಬರಿಸುವವನು ಎಲ್ಲ ಬೇರೆ ಬೇರೆ. ಅರ್ಧ ಆದ ಕೋವಿಯನ್ನು ಹುಡುಗರು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೊತ್ತುಕೊಂಡು ಓಡಾಡುತ್ತಿದ್ದರು. ಕೊನೆಗೆ ಯಾರು ಆರ್ಡರ್ ಕೊಟ್ಟರೋ ಅವರ ಹೆಸರು ಪಟ್ಟಿಯ ಮೇಲೆ ಬೀಳುತ್ತಿತ್ತು. ಲಂಡನ್ನಿನ ಅಂಗಡಿ, ಎಡಿನ್‌ಬರೋದ ಅಂಗಡಿ, ಕಲ್ಕತ್ತಾದ ರೋಡಾ, ಲಯನ್ ಅಂಡ್ ಲಯನ್, ಮದರಾಸಿನ ಪಿ. ಓರ್ ಅಂಡ್ ಸನ್ಸ್, ಎಲ್ಲರ ಹೆಸರಿನ ಕೋವಿಗಳೂ ಹೀಗೆ ಅಲ್ಲಿಂದ ಹೊರಟವೇ. ಇದರಲ್ಲಿ ಮೋಸ ಏನೂ ಇಲ್ಲ. ಆಗಿನ ವ್ಯಾಪಾರದ ರೀತಿ ಅದು. ನಮ್ಮಲ್ಲಿ ರೇಷ್ಮೆ ಸೀರೆಯನ್ನು ನೇಯ್ದವರು ಯಾರೋ, ಸೀರೆ ಪೆಟ್ಟಿಗೆಯ ಮೇಲೆ ಅಂಗಡಿ ಹೆಸರು ಇರುತ್ತದಲ್ಲ, ಹಾಗೆ.

ದೊಡ್ಡ ಹೆಸರುಗಳೂ ಇದರಿಂದ ಹೊರತಲ್ಲ. ಹಾಲಂಡ್ ಅಂಡ್ ಹಾಲಂಡ್ ಲಂಡನ್ನಿನ ಹ್ಯಾರೋ ರೋಡಿನಲ್ಲಿ ತಮ್ಮದೇ ಕಾರ್ಖಾನೆ ಕಟ್ಟಿದ್ದು 1890ರ ದಶಕದಲ್ಲಿ. ಅದಕ್ಕೂ ಮುಂಚೆ ಅವರ ಎಷ್ಟೋ ಕೋವಿಗಳನ್ನು ಮಾಡಿಕೊಟ್ಟವರು ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯು. ಅಂಡ್ ಸಿ. ಸ್ಕಾಟ್. ಡಬ್ಲ್ಯು. ಜೆ. ಜೆಫ್ರಿ ಹೆಸರಿನ ಪ್ರಸಿದ್ಧ ರೈಫಲ್‌ಗಳಲ್ಲಿ ಬಹಳಷ್ಟು ಬರ್ಮಿಂಗ್‌ಹ್ಯಾಮ್‌ನ ಲೆನರ್ಡ್, ಸಾಂಡರ್ಸ್ ಮುಂತಾದವರ ಕೈಯಲ್ಲಿ ಆದವು. ಆರ್ಮಿ ಅಂಡ್ ನೇವಿಗೆ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿಯವರು ತುಂಬ ಕೋವಿ ಒದಗಿಸಿದ್ದಾರೆ. ಹಾಗಂತ ನಿಮ್ಮದು ಹಾಲಂಡ್ ಅಂತಾಗಲಿ ವೆಬ್ಲಿ ಅಂತಾಗಲಿ ಈಗಲೇ ಹೇಳಲು ಬರುವುದಿಲ್ಲ. ಅದಕ್ಕೆ ಗುರುತು ಬೇಕು.

ಗುರುತು ನೋಡುವ ಕ್ರಮ ಹೀಗೆ. ಮೊದಲು ಎರಡೂ ನಳಿಗೆಯಲ್ಲಿ ತೋಟಾ ಇಲ್ಲ ಅಂತ ಕಣ್ಣಾರೆ ನೋಡಿ, ಬೆರಳಿಟ್ಟು ಖಚಿತ ಮಾಡಿಕೊಳ್ಳಿ. ನೂರು ವರ್ಷದಿಂದ ಗೋಡೆ ಮೇಲಿದ್ದರೂ ಸರಿ. ಆಮೇಲೆ ನಳಿಗೆ ಅಡಿಯಲ್ಲಿ ಎಡಗೈ ಹಿಡಿಯುವ ಮರದ ತುಂಡು, ಅಂದರೆ ಫೋರೆಂಡ್, ಅದನ್ನು ತೆಗೆಯಿರಿ. ಲಿವರ್ ತಿರುಗಿಸಿ ನಳಿಗೆಯನ್ನು ಕೊಂಡಿಯಿಂದ ಎತ್ತಿ. ನಳಿಗೆಯ ಹಿಂಬದಿ ಅಡಿಯಲ್ಲಿ ಎರಡು ಚಪ್ಪಟೆ ಜಾಗ ಕಾಣುತ್ತದೆ. ಬೆಳಕನ್ನು ನೇರ ಬಿಡಬೇಡಿ, ಒಂದು ಪಕ್ಕದಿಂದ ಓರೆಯಾಗಿ ಬಿಡಿ. ಸವೆದ ಮುದ್ರೆಯೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಮಬ್ಬಾದ ಜಾಗಕ್ಕೆ ಸೀಮೆಸುಣ್ಣದ ಪುಡಿ ಮೆಲ್ಲಗೆ ಸವರಿದರೆ ಅಕ್ಷರ ಓದಲು ಬರುತ್ತದೆ.

ಅಲ್ಲಿರುವುದು ಪ್ರೂಫ್ ಹೌಸ್ ಮುದ್ರೆ. ಬ್ರಿಟನ್ನಿನಲ್ಲಿ ಪ್ರತಿ ನಳಿಗೆಗೂ ಮಾರುವ ಮುಂಚೆ ಜಾಸ್ತಿ ಮದ್ದು ತುಂಬಿ ಹೊಡೆದು ಪರೀಕ್ಷೆ ಮಾಡಬೇಕು ಅಂತ ಕಾನೂನು ಇದೆ. ಒಡೆಯದೆ ಉಳಿದದ್ದಕ್ಕೆ ಮುದ್ರೆ. ಲಂಡನ್ನಿನ ಗನ್‌ಮೇಕರ್ಸ್ ಕಂಪನಿಗೆ ರಾಜನ ಸನ್ನದು ಸಿಕ್ಕಿದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ ಹುಟ್ಟಿದ್ದು 1813ರ ಕಾಯಿದೆಯಿಂದ. ಎರಡೂ ಈಗಲೂ ಕೆಲಸ ಮಾಡುತ್ತಿವೆ. ಲಂಡನ್ ಮುದ್ರೆಯಲ್ಲಿ ಕಿರೀಟದ ಕೆಳಗೆ ಜಿ ಮತ್ತು ಪಿ ಅಕ್ಷರ ಹೆಣೆದುಕೊಂಡಿರುತ್ತವೆ, ಪಕ್ಕದಲ್ಲಿ ಕಿರೀಟದ ಕೆಳಗೆ ವಿ. ಬರ್ಮಿಂಗ್‌ಹ್ಯಾಮ್‌ನದ್ದು ಕತ್ತರಿಯ ಹಾಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೆ ಕಿರೀಟ. ಒಂದರ ಸಂದುಗಳಲ್ಲಿ ಬಿ, ಪಿ, ಸಿ ಅಕ್ಷರ, ಇನ್ನೊಂದರಲ್ಲಿ ವಿ.

ನಿಮ್ಮ ಮೂರನೇ ಫೋಟೊ ತೆಗೆದುಕೊಳ್ಳಿ. ಬಲ ನಳಿಗೆಯ ಚಪ್ಪಟೆ ಜಾಗದಲ್ಲಿ, 52ರ ಸ್ವಲ್ಪ ಹಿಂದೆ, ಒಂದು ಸಣ್ಣ ಎಕ್ಸ್ ತರಹ ಕಾಣುತ್ತದೆ. ಅದರ ತಲೆ ಮೇಲೆ ಹುರುಳಿ ಕಾಳಿಗಿಂತ ಚಿಕ್ಕ ಕಿರೀಟ. ಕೆಳಗಿನ ಸಂದಿನಲ್ಲಿ ವಿ ಸ್ಪಷ್ಟವಾಗಿದೆ. ಎಡ ನಳಿಗೆಯಲ್ಲೂ ಜೋಡಿ ಮುದ್ರೆ ಇದೆ, ಆದರೆ ಅರ್ಧ ಸವೆದಿದೆ. ಇವೇ ಬರ್ಮಿಂಗ್‌ಹ್ಯಾಮ್ ರಾಜದಂಡಗಳು. ನಿಮಗೆ ಇದರಲ್ಲಿ ಎರಡು ಉತ್ತರ ಸಿಕ್ಕವು. ಒಂದು, ರೈಫಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾಗಿದೆ. ಎರಡು, ಈ ರಾಜದಂಡದ ಮುದ್ರೆಯನ್ನು ಕೋವಿಗಳಿಗೆ ಈ ರೀತಿ ಒತ್ತಿದ್ದು 1904ರವರೆಗೆ ಮಾತ್ರ. ಆ ವರ್ಷ ಹೊಸ ನಿಯಮ ಬಂದು ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಎಂಬ ಅಕ್ಷರಗಳು ಬಂದವು. ಎನ್.ಪಿ. ಅಂದರೆ ನೈಟ್ರೊ ಪ್ರೂಫ್, ಹೊಗೆ ಇಲ್ಲದ ಹೊಸ ಮದ್ದಿಗೆ ಮಾಡಿದ ಪರೀಕ್ಷೆ. ಲಂಡನ್ನಿನವರು ಅದೇ ಎನ್.ಪಿ. ಮೇಲೆ ಕತ್ತಿ ಹಿಡಿದ ತೋಳನ್ನು ಹಾಕಿದರು. ನಿಮ್ಮದರಲ್ಲಿ ಇದಾವುದೂ ಇಲ್ಲ.

ಇಲ್ಲಿ ಎರಡು ಎಚ್ಚರಿಕೆ. ಬರ್ಮಿಂಗ್‌ಹ್ಯಾಮ್‌ನ ಕೆಲವು ತಯಾರಕರು ತಮ್ಮ ಒಳ್ಳೇ ಕೋವಿಗಳನ್ನು ಲಂಡನ್ನಿಗೆ ಕಳಿಸಿ ಪ್ರೂಫ್ ಮಾಡಿಸುತ್ತಿದ್ದರು. ಆದ್ದರಿಂದ ಲಂಡನ್ ಮುದ್ರೆ ಕಂಡ ಕೂಡಲೇ ಲಂಡನ್ ಕೆಲಸ ಅಂತ ತೀರ್ಮಾನ ಮಾಡಬಾರದು. ಬರ್ಮಿಂಗ್‌ಹ್ಯಾಮ್ ಮುದ್ರೆ ಇದ್ದರೆ ಮಾತ್ರ ಮೇಲೆ ಲಂಡನ್ ಹೆಸರಿದ್ದರೂ ನಾನು ಬರ್ಮಿಂಗ್‌ಹ್ಯಾಮ್ ಕಡೆಗೇ ವಾಲುತ್ತೇನೆ. ಇನ್ನೊಂದು, ಹಳೇ ರೈಫಲನ್ನು ಎಷ್ಟೋ ವರ್ಷ ಆದಮೇಲೆ ಹೊಸ ಮದ್ದಿಗಾಗಿ ಮತ್ತೆ ಪ್ರೂಫ್ ಮಾಡಿಸಿದ್ದರೆ ಹಳೇ, ಹೊಸ ಮುದ್ರೆ ಎರಡೂ ಇರುತ್ತವೆ. ಆಗ ಹಳೇ ಮುದ್ರೆಯೇ ಹುಟ್ಟಿದ ಕಾಲಕ್ಕೆ ಹತ್ತಿರ.

ಮುದ್ರೆ ಆದಮೇಲೆ ಸಣ್ಣ ಅಕ್ಷರಗಳನ್ನು ಹುಡುಕಿ. ನಳಿಗೆ ಮಾಡಿದವನು ಎರಡು ನಳಿಗೆ ಸೇರುವ ಕಡೆ ಒಂದೆರಡು ಅಕ್ಷರ ಒತ್ತಿರುತ್ತಾನೆ. ಆಕ್ಷನ್ ಅರ ಹಾಕಿದವನ ಅಕ್ಷರ ಆಕ್ಷನ್ ಚಪ್ಪಟೆಯಲ್ಲೋ ಮರದ ಒಳಗೋ ಇರುತ್ತದೆ. ಇವು ಕೆಲಸಗಾರರ ಹೆಸರಿನ ಮೊದಲಕ್ಷರ. ಇಂಥವರದು ಅಂತ ಖಚಿತವಾಗಿ ಹೇಳುವುದು ಕಷ್ಟ, ಒಂದೇ ಅಕ್ಷರದ ಹತ್ತಾರು ಜನ ಇದ್ದರು. ಆದರೆ ಬೇರೆ ಹೆಸರಿನ ಎರಡು ಕೋವಿಗಳಲ್ಲಿ ಅದೇ ಅಕ್ಷರ, ಅದೇ ಮಾದರಿಯ ಆಕ್ಷನ್ ಸಿಕ್ಕಾಗ ಎರಡೂ ಒಂದೇ ಮೂಲದ್ದು ಅಂತ ಗೊತ್ತಾಗುತ್ತದೆ. ಹೀಗೆ ಜೋಡಿಸುತ್ತಾ ಹೋಗುವುದೇ ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ.

ಲಾಕ್‌ನ ಒಳಮೈ ಇನ್ನೂ ಹೆಚ್ಚು ಹೇಳುತ್ತದೆ. ವುಲ್ವರ್‌ಹ್ಯಾಂಪ್ಟನ್ನಿನ ಜೋಸೆಫ್ ಬ್ರೇಜಿಯರ್, ಸ್ಟಾಂಟನ್, ಚಿಲ್ಟನ್ ಇವರು ಇಂಗ್ಲೆಂಡಿನ ಒಳ್ಳೊಳ್ಳೆ ಕೋವಿಗಳಿಗೆಲ್ಲ ಲಾಕ್ ಕೊಡುತ್ತಿದ್ದವರು. ಲಂಡನ್ನಿನ ಅತಿ ದುಬಾರಿ ಕೋವಿಯ ಲಾಕ್ ತೆಗೆದರೂ ಒಳಗೆ ಬ್ರೇಜಿಯರ್ ಹೆಸರು ಕಾಣಬಹುದು. ಅದು ಲಾಕ್‌ನ ಹೆಸರು, ಕೋವಿಯದ್ದಲ್ಲ. ಆದರೆ ಬ್ರೇಜಿಯರ್ ಲಾಕ್ ಇದ್ದರೆ ಮಾಡಿಸಿದವರು ಕಾಸಿಗೆ ಹಿಂದೆಮುಂದೆ ನೋಡಿಲ್ಲ ಅಂತ ಅರ್ಥ. ದಯವಿಟ್ಟು ಲಾಕ್ ಬಿಚ್ಚುವ ಕೆಲಸ ನೀವು ಮಾಡಬೇಡಿ. ಈ ಸ್ಕ್ರೂಗಳ ಸೀಳು ಕೂದಲಿನಷ್ಟು ತೆಳುವಾಗಿರುತ್ತದೆ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂಡ್ರೈವರ್ ಹಾಕಿದರೆ ಒಂದೇ ತಿರುವಿಗೆ ಹಾಳಾಗುತ್ತದೆ. ಲೈಸೆನ್ಸ್ ಇರುವ, ಹಳೇ ಕೋವಿ ಗೊತ್ತಿರುವ ರಿಪೇರಿಯವರ ಕೈಯಲ್ಲೇ ಬಿಚ್ಚಿಸಿ, ನೀವು ಪಕ್ಕದಲ್ಲಿ ನಿಂತು ಫೋಟೊ ತೆಗೆಯಿರಿ.

ಕಾಲ ಹಿಡಿಯಲು ಯಂತ್ರದ ಸಣ್ಣಪುಟ್ಟ ಭಾಗಗಳೂ ನೆರವಾಗುತ್ತವೆ. ನಿಮ್ಮ ಫೋರೆಂಡ್‌ನ ತುದಿಯಲ್ಲಿ ಒತ್ತುವ ಗುಂಡಿ ಇದೆ. ಅದು ವಿಲಿಯಂ ಆನ್ಸನ್ 1872ರಲ್ಲಿ ತಂದ ಉಪಾಯ. ನಿಮ್ಮ ಹ್ಯಾಮರ್‌ಗಳು ತಾವಾಗಿಯೇ ಸ್ವಲ್ಪ ಹಿಂದಕ್ಕೆ ಸರಿದು ನಿಂತಿವೆ. ಸ್ಟಾಂಟನ್ 1867ರಲ್ಲಿ ಪೇಟೆಂಟ್ ಮಾಡಿದ ರಿಬೌಂಡಿಂಗ್ ಲಾಕ್ ಅದು. ಆದರೆ ಅದನ್ನು ಹಳೇ ಕೋವಿಗೂ ಆಮೇಲೆ ಹಾಕಿಸುತ್ತಿದ್ದರು, ಆದ್ದರಿಂದ ಅದೊಂದನ್ನೇ ನಂಬಬೇಡಿ. ಹ್ಯಾಮರ್ ಹೊರಗೆ ಕಾಣದ ಬಾಕ್ಸ್‌ಲಾಕ್ ಆಗಿದ್ದರೆ ಅದು 1875ರ ಆನ್ಸನ್ ಅಂಡ್ ಡೀಲಿ ಪೇಟೆಂಟಿನ ನಂತರದ್ದು. ನೆನಪಿಡಿ, ಇವೆಲ್ಲ 'ಇದಕ್ಕಿಂತ ಹಳೇದಲ್ಲ' ಅಂತ ಮಾತ್ರ ಹೇಳುತ್ತವೆ. 'ಇದಕ್ಕಿಂತ ಹೊಸದಲ್ಲ' ಅಂತ ಹೇಳುವುದು ಪ್ರೂಫ್ ಮುದ್ರೆ.

ಪೇಟೆಂಟ್ ನಂಬರ್ ವಿಷಯದಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. 1852ರಿಂದ 1915ರವರೆಗೆ ಬ್ರಿಟಿಷ್ ಪೇಟೆಂಟ್‌ಗಳಿಗೆ ಪ್ರತಿ ಜನವರಿಯಲ್ಲಿ ಮತ್ತೆ 1ರಿಂದ ನಂಬರ್ ಹಾಕುತ್ತಿದ್ದರು. ಹಾಗಾಗಿ 'ಪೇಟೆಂಟ್ 1756' ಅಂತ ಮಾತ್ರ ಇದ್ದರೆ ಯಾವ ವರ್ಷದ 1756 ಅಂತ ತಿಳಿಯದೆ ಏನೂ ಹೇಳಲಾಗದು. ಇನ್ನೊಂದು ಗೊಂದಲ 'ಹೆನ್ರೀಸ್ ಪೇಟೆಂಟ್ ರೈಫ್ಲಿಂಗ್' ಎಂಬ ಬರಹ. ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿ 1860ರಲ್ಲಿ ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ಪೇಟೆಂಟ್ ಪಡೆದರು. ಬೇರೆ ಬೇರೆ ತಯಾರಕರು ಆ ಗೆರೆ ಹಾಕಿ ಹೀಗೆ ಬರೆದುಕೊಂಡರು. ಇದನ್ನು ನೋಡಿ 'ಹೆನ್ರಿ ಕೋವಿ' ಅಂತ ಮಾರಿದ್ದನ್ನು ನಾನು ನೋಡಿದ್ದೇನೆ. ಮಾರ್ಟಿನಿ-ಹೆನ್ರಿ ಎಂಬ ಸೈನ್ಯದ ರೈಫಲ್‌ನ ಹೆನ್ರಿ ಇವರೇ.

ನಿಮ್ಮ ಮನೆಯಲ್ಲಲ್ಲದಿದ್ದರೂ ನಿಮ್ಮ ನೆಂಟರಿಷ್ಟರ ಮನೆಯಲ್ಲಿ ದೊಡ್ಡ ಹೆಸರಿನ ರೈಫಲ್ ಇರಬಹುದು, ಅದಕ್ಕೆ ಇದನ್ನೂ ಹೇಳುತ್ತೇನೆ. ದೊಡ್ಡ ಮನೆತನಗಳ ಹೆಸರು, ವಿಳಾಸ ಬದಲಾದ ವರ್ಷ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. '98 ನ್ಯೂ ಬಾಂಡ್ ಸ್ಟ್ರೀಟ್' ಜೊತೆ 'ಎಚ್. ಹಾಲಂಡ್' ಅಂತ ಇದ್ದರೆ 1866ರಿಂದ 1876ರ ಒಳಗಿನದ್ದು. 1876ರಿಂದ ಹಾಲಂಡ್ ಅಂಡ್ ಹಾಲಂಡ್ ಆಯಿತು. ಪರ್ಡಿ ಹೆಸರಿನ ಮುಂದೆ 'ಅಂಡ್ ಸನ್ಸ್' ಬಂದದ್ದು 1877ರಲ್ಲಿ, ಆಕ್ಸ್‌ಫರ್ಡ್ ಸ್ಟ್ರೀಟಿನ 314½ನೇ ನಂಬರಿನಿಂದ ಸೌತ್ ಆಡ್ಲಿ ಸ್ಟ್ರೀಟಿಗೆ ಹೋದದ್ದು 1880ರ ದಶಕದ ಆರಂಭದಲ್ಲಿ. ವೆಸ್ಟ್ಲಿ ರಿಚರ್ಡ್ಸ್‌ನ ಲಂಡನ್ ಅಂಗಡಿ ನ್ಯೂ ಬಾಂಡ್ ಸ್ಟ್ರೀಟಿನಿಂದ ಕಂಡ್ಯೂಟ್ ಸ್ಟ್ರೀಟಿಗೆ ಹೋದದ್ದು 1917ರಲ್ಲಿ. ರಿಗ್ಬಿ ರೈಫಲ್‌ನಲ್ಲಿ 'ಡಬ್ಲಿನ್ ಅಂಡ್ ಲಂಡನ್' ಅಂತ ಎರಡೂ ಊರು ಇದ್ದರೆ 1860ರ ದಶಕದ ಮಧ್ಯದ ನಂತರದ್ದು, ಯಾಕೆಂದರೆ ಲಂಡನ್ ಅಂಗಡಿ ತೆರೆದದ್ದೇ ಆಗ. 'ಪ್ರಿನ್ಸ್ ಆಫ್ ವೇಲ್ಸ್ ಅವರಿಗೆ ಕೋವಿ ಒದಗಿಸುವವರು' ಅಂತ ಇದ್ದರೆ ಅದು ಯಾವ ಪ್ರಿನ್ಸ್ ಎಂದು ನೋಡಿ. ಎಡ್ವರ್ಡ್ ಆಗಿದ್ದರೆ ಅದು 1901ರ ಒಳಗಿನ ಬರಹ, ಯಾಕೆಂದರೆ ಆ ವರ್ಷ ಅವರು ರಾಜರಾದರು. ಪೆಟ್ಟಿಗೆಯೊಳಗೆ ಅಂಟಿಸಿದ ಕಾಗದದ ಲೇಬಲ್ಲೂ ಇಂಥದ್ದೇ ವಿಷಯ ಹೇಳುತ್ತದೆ. ಆದರೆ ಪೆಟ್ಟಿಗೆ ಬೇರೆ ಕೋವಿಯದ್ದಾಗಿರಬಹುದು. ಕೋವಿಯ ಆಕಾರಕ್ಕೆ ಒಳಗಿನ ಬಟ್ಟೆಯ ಗೂಡು ಸರಿಯಾಗಿ ಕೂರುತ್ತದಾ ನೋಡಿ.

ಮೋಸದ ಹೆಸರುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಲ್ಜಿಯಂನ ಲಿಯೇಜ್ ಊರಿನಿಂದ ಅಗ್ಗದ ಕೋವಿಗಳು 'ಡಬ್ಲ್ಯು. ರಿಚರ್ಡ್ಸ್' ಎಂಬಂಥ ಹೆಸರಲ್ಲಿ ಲೋಕಕ್ಕೆಲ್ಲ ಹೋದವು. ಓದುವವರು ವೆಸ್ಟ್ಲಿ ರಿಚರ್ಡ್ಸ್ ಅಂದುಕೊಳ್ಳಲಿ ಅಂತ. ಲಂಡನ್ನಿನ ಮ್ಯಾಂಟನ್ ಸಹೋದರರ ಹೆಸರನ್ನಂತೂ ಅವರು ಬದುಕಿರುವಾಗಲೇ ನಕಲು ಮಾಡುತ್ತಿದ್ದರು. ಲಿಯೇಜಿನದ್ದಾದರೆ ಅಡಿಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಅಕ್ಷರ, ಅದರ ಕೆಳಗೆ ನಕ್ಷತ್ರ ಇರುತ್ತದೆ. ಆ ಮುದ್ರೆ ಕಂಡರೆ ಮೇಲೆ ಯಾರ ಹೆಸರೇ ಇರಲಿ, ಪರೀಕ್ಷೆಯಾದದ್ದು ಬೆಲ್ಜಿಯಂನಲ್ಲಿ. ಇನ್ನೊಂದು ರೀತಿ, ನಿಜವಾದ ಇಂಗ್ಲಿಷ್ ಕೋವಿಯ ಸಣ್ಣ ಹೆಸರು ಅಳಿಸಿ ದೊಡ್ಡ ಹೆಸರು ಕೆತ್ತುವುದು. ಅದನ್ನು ಬೆರಳೇ ಹೇಳುತ್ತದೆ. ಪಟ್ಟಿಯ ಮೇಲೆ ಉಗುರು ಎಳೆದರೆ ಹೆಸರಿರುವ ಜಾಗದಲ್ಲಿ ಸಣ್ಣ ತಗ್ಗು ಸಿಗುತ್ತದೆ. ಅಂಚಿನ ಚಿತ್ತಾರ ಸವೆದು ಹೆಸರಿನ ಅಕ್ಷರ ಮಾತ್ರ ಚೂಪಾಗಿದ್ದರೂ ಅನುಮಾನ ಪಡಬೇಕು. ನಿಮ್ಮದರಲ್ಲಿ ಹೆಸರೂ ಅಂಚಿನ ಗೆರೆಯೂ ಒಂದೇ ಸಮ ಸವೆದಿವೆ. ಒಳ್ಳೇ ಲಕ್ಷಣ.

ನಮ್ಮ ದೇಶಕ್ಕೆ ಬಂದ ರೈಫಲ್‌ಗಳಿಗೆ ಇನ್ನೊಂದು ಗಡಿಗೆರೆ ಇದೆ. 1907ರ ಸುಮಾರಿಗೆ ಬ್ರಿಟಿಷ್ ಸರ್ಕಾರ .450 ಅಳತೆಯ ರೈಫಲ್, ತೋಟಾ ಭಾರತಕ್ಕೆ ತರುವುದನ್ನು ನಿಲ್ಲಿಸಿತು. ಸೈನ್ಯದ ಮಾರ್ಟಿನಿ-ಹೆನ್ರಿಯ ಗುಂಡೂ .450. ಬೇಟೆಯ ತೋಟಾದಿಂದ ಗುಂಡು ಕಿತ್ತು ದಂಗೆಕೋರರು ಬಳಸಿಯಾರು ಎಂಬ ಹೆದರಿಕೆ ಅವರಿಗೆ. ಭಾರತದ ಗಿರಾಕಿಗಳನ್ನು ಬಿಡಲಾಗದೆ ಇಂಗ್ಲೆಂಡಿನ ಕೋವಿಯವರು .470, .475, .465 ಅಂತ ಹೊಸ ಅಳತೆಗಳನ್ನು ತಂದರು. ಹಾಗಾಗಿ .470 ರೈಫಲ್ ಕೈಗೆ ಬಂದರೆ ಅದು 1900ಕ್ಕಿಂತ ಹಿಂದಿನದ್ದು ಅಂತ ಯಾರು ಹೇಳಿದರೂ ಒಪ್ಪಬೇಡಿ. ನಿಮ್ಮ ಮುತ್ತಜ್ಜನ .450 ಆ ನಿಷೇಧಕ್ಕೂ ಮುಂಚೆಯೇ ಈ ದೇಶಕ್ಕೆ ಬಂದದ್ದು ಬಹುತೇಕ ಖಚಿತ.

ಈಗ ಎಲ್ಲ ಸೇರಿಸೋಣ. ಸಿ.ಎಸ್.ಎಲ್. ಇರುವುದರಿಂದ 1871ರ ನಂತರ. ಒತ್ತುವ ಗುಂಡಿಯಿಂದ 1872ರ ನಂತರ. ರಾಜದಂಡದ ಮುದ್ರೆಯಿಂದ 1904ರ ಒಳಗೆ. ಆ ಅಲೆ ಗೆರೆ ಡಮಾಸ್ಕಸ್ ಕೆಲಸ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸೇರಿಸಿ ಹುರಿ ಹೊಸೆದು, ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಒಂದು ಮಾಡಿದ ನಳಿಗೆ. 1890ರ ದಶಕದಲ್ಲಿ ರೈಫಲ್‌ಗಳಿಗೆ ಪೂರ್ತಿ ಉಕ್ಕಿನ ನಳಿಗೆಯೇ ಜಾಸ್ತಿ ಆಯಿತು. ಇದನ್ನೆಲ್ಲ ನೋಡಿದರೆ ನನ್ನ ಅಂದಾಜು 1880ರ ದಶಕ. ಬರ್ಮಿಂಗ್‌ಹ್ಯಾಮ್‌ನ ಕೈಗಳು ಮಾಡಿ, ಲಂಡನ್ನಿನ ಸಹಕಾರ ಸಂಘ ಮಾರಿದ ಕಪ್ಪು ಮದ್ದಿನ ಎಕ್ಸ್‌ಪ್ರೆಸ್ ರೈಫಲ್ ಇದು. ಅದನ್ನು ಹಾಲಂಡ್ ಅಂತ ಕರೆಯಲು ನೀವು ಕಳಿಸಿದ ಫೋಟೊಗಳಲ್ಲಿ ಒಂದೇ ಒಂದು ಗುರುತೂ ಇಲ್ಲ. ಬೆಲೆ ಹಾಲಂಡಿನಷ್ಟು ಬರುವುದಿಲ್ಲ. ಕೆಲಸ ಮಾತ್ರ ಗಟ್ಟಿ, ಪ್ರಾಮಾಣಿಕ ಕೆಲಸ. ಆಕ್ಷನ್ ಮತ್ತು ನಳಿಗೆ ಕೂಡುವ ಕಡೆ ನೂರಮೂವತ್ತು ವರ್ಷ ಆದಮೇಲೂ ಕೂದಲಷ್ಟು ಸಂದು ಕಾಣುತ್ತಿಲ್ಲ.

ವರ್ಷ ಇನ್ನೂ ಹತ್ತಿರಕ್ಕೆ ತರಬಹುದು. ನಿಮ್ಮ ರೈಫಲ್‌ನಲ್ಲಿ ಎರಡು ಬೇರೆ ನಂಬರ್ ಇವೆ, ಗಮನಿಸಿದ್ರಾ? ಟ್ರಿಗರ್ ಗಾರ್ಡ್ ಮೇಲಿನ ದೊಡ್ಡ ನಂಬರ್ ಅಂಗಡಿಯದ್ದಾಗಿರಬೇಕು, ನಳಿಗೆ ಅಡಿಯ ಸಣ್ಣ ನಂಬರ್ ಮಾಡಿಕೊಟ್ಟವರದ್ದು. ಇವುಗಳ ಜೊತೆ ಹಿಡಿಯ ಪಕ್ಕದ ತಗಡಿನ ಮೇಲೆ ಒರಟಾಗಿ ಕುಟ್ಟಿದ ನಂಬರ್ ಇಲ್ಲಿ ಲೈಸೆನ್ಸಿಗಾಗಿ ಹಾಕಿದ್ದು, ಅದಕ್ಕೂ ತಯಾರಿಕೆಗೂ ಸಂಬಂಧ ಇಲ್ಲ. ಆರ್ಮಿ ಅಂಡ್ ನೇವಿಯ ಕೋವಿ ಮಾರಾಟದ ಪುಸ್ತಕಗಳು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿವೆ. ಟ್ರಿಗರ್ ಗಾರ್ಡ್ ನಂಬರ್, ಅಳತೆ, ಪಟ್ಟಿಯ ಮೇಲಿನ ಬರಹ ಇಷ್ಟನ್ನೂ ಬರೆದು ಅವರಿಗೆ ಪತ್ರ ಹಾಕಿ. ಹಾಲಂಡ್, ಪರ್ಡಿ, ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್ ಕೂಡ ತಮ್ಮ ಹಳೇ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದಾರೆ. ಹಾಲಂಡ್ ಎಂದ ನಿಮ್ಮ ಸ್ನೇಹಿತರಿಗೆ ಸಮಾಧಾನ ಆಗದಿದ್ದರೆ ಅಲ್ಲೂ ಒಂದು ಪತ್ರ ಹಾಕಲಿ.

ಇದರಲ್ಲಿ ದಯವಿಟ್ಟು ತೋಟಾ ಹಾಕಿ ಹೊಡೆಯಬೇಡಿ. ಕಪ್ಪು ಮದ್ದಿಗೆ ಪರೀಕ್ಷೆಯಾದ ನಳಿಗೆ ಕಾರ್ಡೈಟಿನ, ಅಂದರೆ ಹೊಗೆ ಇಲ್ಲದ ಮದ್ದಿನ, ಒತ್ತಡ ತಡೆಯುವುದಿಲ್ಲ. ಕೈಲ್ ಪೊಳ್ದಿನ ಪೂಜೆಗೆ ಇಡುವಾಗ ಹೊಳಪು ಬರಲಿ ಅಂತ ಮರಳು ಕಾಗದ, ಬ್ರಾಸೊ ಹಾಕಿ ಉಜ್ಜಬೇಡಿ. ಡಮಾಸ್ಕಸ್ ಗೆರೆ ಕಾಣುವುದೇ ಆ ಹಳೇ ಕಂದು ಬಣ್ಣದಿಂದ, ಉಜ್ಜಿದರೆ ಅದೂ ಹೋಗುತ್ತದೆ, ಮುದ್ರೆಯೂ ಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಅಷ್ಟೇ ಸಾಕು. ಕೊಡಗಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ, ತೇವ ಹಿಡಿದು ತುಕ್ಕು ಬರುತ್ತದೆ. ಮಾರುವ ಮಾತು ಬಂದರೆ, ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯಿಸುತ್ತದೆ, ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಕೊಡವರಿಗೆ ಇರುವ ವಿನಾಯಿತಿ ಈ ರೈಫಲ್‌ಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೇಳಿ ಬರೆಸಿಕೊಳ್ಳಿ.

ಗ್ಲಾಸ್ಗೊದಿಂದ ಉತ್ತರ ಬಂದಾಗ ನನಗೂ ಒಂದು ಪ್ರತಿ ಕಳಿಸಿ. ಎಡ ನಳಿಗೆಯ ಅಡಿಯಲ್ಲಿ, ಸವೆದ ಮುದ್ರೆಯ ಪಕ್ಕ, ಎರಡು ಸಣ್ಣ ಅಕ್ಷರ ಇದ್ದ ಹಾಗಿದೆ. ಬೆಳಕನ್ನು ಓರೆಯಾಗಿ ಬಿಟ್ಟು ಅದರದ್ದೊಂದು ಫೋಟೊ ತೆಗೆದು ಕಳಿಸಿದರೆ ಇನ್ನೂ ಖುಷಿ.